ಮೀಟರಿಗೆ ಬೆಳ್ಳಕ್ಕಿ ಗೊತ್ತಿಲ್ಲ

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಕಡೆ ಭತ್ತದ ನಾಟಿ ಮುಗಿದು ಗದ್ದೆ ಹಸಿರೇರಿದ ದಿನಗಳಲ್ಲಿ ಕ್ಯಾಮೆರಾ ಹಿಡಿದು ಬದುವಿನ ಮೇಲೆ ನಿಂತವರಿಗೆ ಒಂದು ಒಗಟು ಎದುರಾಗುತ್ತದೆ. ಪೈರಿನ ನಡುವೆ ಒಂದು ಬೆಳ್ಳಕ್ಕಿ ನಿಂತಿದೆ. ದೂರದಿಂದ ತೆಗೆದ ಚಿತ್ರದಲ್ಲಿ ಪೈರೇನೋ ಚೆನ್ನಾಗಿ ಬಂದಿರುತ್ತದೆ, ಹಕ್ಕಿ ಮಾತ್ರ ಬರೀ ಬಿಳಿ ಚುಕ್ಕೆ. ಒಂದು ಗರಿಯೂ ಕಾಣದು. ಉದ್ದನೆಯ ಲೆನ್ಸ್ ಹಾಕಿ ಅದೇ ಹಕ್ಕಿಯನ್ನು ಚೌಕಟ್ಟಿನ ತುಂಬ ತಂದರೆ ಗರಿಗಳೆಲ್ಲ ಕಾಣುತ್ತವೆ, ಆದರೆ ಬಿಳುಪು ಹೋಗಿ ಹಕ್ಕಿ ಬೂದು ಬಣ್ಣಕ್ಕೆ ತಿರುಗಿದೆ. ಬಿಸಿಲು ಅದೇ, ಹಕ್ಕಿ ಅದೇ, ಎರಡು ಚಿತ್ರಗಳ ನಡುವೆ ಅರ್ಧ ನಿಮಿಷವೂ ಕಳೆದಿಲ್ಲ. ಕ್ಯಾಮೆರಾ ಎರಡು ಸಲವೂ ತಪ್ಪಿದೆ, ಅದೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ. ‘ಬಿಳಿ ವಸ್ತುವಾದರೆ ಬೆಳಕು ಹೆಚ್ಚಿಸಿ’ ಎಂಬ ಸಿದ್ಧ ಸಲಹೆ ಎರಡನೆಯ ಚಿತ್ರವನ್ನು ಸರಿಮಾಡುತ್ತದೆ, ಮೊದಲನೆಯದನ್ನು ಇನ್ನಷ್ಟು ಕೆಡಿಸುತ್ತದೆ. ಎಕ್ಸ್‌ಪೋಷರ್ ಎಂಬ ವಿದ್ಯೆಯ ತಿರುಳೆಲ್ಲ ಈ ಒಗಟಿನಲ್ಲೇ ಇದೆ. ತಾನು ಏನನ್ನು ನೋಡುತ್ತಿದ್ದೇನೆಂದು ಕ್ಯಾಮೆರಾಕ್ಕೆ ಗೊತ್ತಿರುವುದಿಲ್ಲ. ಚಿತ್ರದಲ್ಲಿ ಯಾವುದು ಎಷ್ಟು ಬೆಳಗಬೇಕು, ಯಾವುದು ಕತ್ತಲಿಗೆ ಸಲ್ಲಬೇಕು ಎಂಬ ತೀರ್ಮಾನವನ್ನು ಅದರ ಕೈಯಿಂದ ಬಿಡಿಸಿಕೊಳ್ಳುವುದೇ ಕಲಿಯಬೇಕಾದದ್ದು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ತಪ್ಪುವುದಕ್ಕೆ ಕಾರಣ ಸರಳ. ಅದು ಅಳೆಯುವುದು ವಸ್ತುವಿಗೆ ಬಡಿದು ಲೆನ್ಸಿನತ್ತ ಮರಳುವ ಬೆಳಕನ್ನು. ಕಪ್ಪು ಕಂಬಳಿಯ ಮೇಲೆ ಬಿದ್ದ ಸುಡುಬಿಸಿಲಿನಿಂದಲೂ ಬಿಳಿ ಪಂಚೆಯ ಮೇಲಿನ ಮಬ್ಬು ಬೆಳಕಿನಿಂದಲೂ ಅದಕ್ಕೆ ಒಂದೇ ಅಂಕಿ ಸಿಗಬಹುದು. ಯಾವುದು ಯಾವುದೆಂದು ಹೇಳುವ ದಾರಿ ಅದಕ್ಕಿಲ್ಲ. ಹಾಗಾಗಿ ಅದನ್ನು ತಯಾರಿಸಿದವರು ಒಂದು ಊಹೆ ತುಂಬಿ ಕಳಿಸಿದ್ದಾರೆ: ಎದುರಿಗಿರುವ ದೃಶ್ಯವನ್ನೆಲ್ಲ ಕಲಸಿದರೆ ನಡು ಬೂದು ಬಣ್ಣ ಬರುತ್ತದೆ ಎಂದು. ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಮರಳಿಸುವ ಬೂದು ಕಾರ್ಡು ಈಗಲೂ ಛಾಯಾಗ್ರಾಹಕರ ಚೀಲದಲ್ಲಿರುವುದು ಈ ಲೆಕ್ಕದಿಂದಲೇ. ಹಸಿರು ಗದ್ದೆ ಆ ನಡು ಬೂದಿಗಿಂತ ಸ್ವಲ್ಪ ಗಾಢ. ಮೀಟರು ಅದನ್ನು ಮೇಲೆತ್ತಲು ಹೋಗಿ ಪುಟ್ಟ ಹಕ್ಕಿಯನ್ನು ಸುಟ್ಟುಬಿಡುತ್ತದೆ. ಹಕ್ಕಿಯೇ ಚೌಕಟ್ಟು ತುಂಬಿದಾಗ ಇಷ್ಟೊಂದು ಬಿಳುಪು ಇರಲಾರದೆಂದು ಅದನ್ನು ಕೆಳಗೆಳೆಯುತ್ತದೆ. ದ್ಯುತಿವಿದ್ಯುತ್ ಕೋಶವಿದ್ದ ವೆಸ್ಟನ್ ಮೀಟರು 1932ರಲ್ಲಿ ಬಂತು. ದೃಶ್ಯವನ್ನು ಹಲವು ಭಾಗ ಮಾಡಿ ಅಳೆದು ತೂಗುವ ವ್ಯವಸ್ಥೆಯನ್ನು ನಿಕಾನ್ 1983ರ ಎಫ್‌ಎ ಕ್ಯಾಮೆರಾದಲ್ಲಿ ತಂದಿತು. ಇಂದಿನವು ಮುಖವನ್ನೂ ಹಕ್ಕಿಯ ಕಣ್ಣನ್ನೂ ಗುರುತಿಸುತ್ತವೆ. ಊಹೆ ಹೆಚ್ಚು ಹೆಚ್ಚು ಜಾಣವಾಯಿತು ನಿಜ. ಊಹೆಯಾಗಿಯೇ ಉಳಿಯಿತು.

ಈ ಊಹೆಯನ್ನು ತಿದ್ದಲು ನಮ್ಮ ಕೈಯಲ್ಲಿರುವ ಉಪಕರಣ ಎರಡೇ. ಭದ್ರಾ ನಾಲೆಯ ನೀರು ಉಣ್ಣುವ ಈ ಸೀಮೆಯವರಿಗೆ ತೂಬಿನ ಲೆಕ್ಕ ಹೇಳಿಕೊಡಬೇಕಿಲ್ಲ: ಹಲಗೆಯನ್ನು ಎಷ್ಟು ಎತ್ತಿದಿರಿ, ಎಷ್ಟು ಹೊತ್ತು ಬಿಟ್ಟಿರಿ ಎಂಬೆರಡನ್ನು ಗುಣಿಸಿದರೆ ಗದ್ದೆಗೆ ಬಂದ ನೀರು. ಲೆನ್ಸಿನ ಅಪರ್ಚರ್ ಹಲಗೆಯ ಎತ್ತರ, ಶಟರ್ ಸ್ಪೀಡ್ ಬಿಟ್ಟ ಹೊತ್ತು. ಎಫ್ 2, 2.8, 4, 5.6, 8, 11, 16 ಎಂಬ ವಿಚಿತ್ರ ಸರಣಿ ಹೊಸಬರನ್ನು ಹೆದರಿಸುತ್ತದೆ. ಒಂದೊಂದು ಹೆಜ್ಜೆಗೂ ಕಿಂಡಿಯ ವಿಸ್ತೀರ್ಣ ಅರ್ಧವಾಗುತ್ತದೆ ಎಂದಷ್ಟೇ ಅದರ ಅರ್ಥ. ಈ ಅರ್ಧ ಅಥವಾ ದುಪ್ಪಟ್ಟಿನ ಹೆಜ್ಜೆಗೆ ಸ್ಟಾಪ್ ಎನ್ನುತ್ತಾರೆ. ಐಎಸ್‌ಒವನ್ನು ಮೂರನೆಯ ಉಪಕರಣವೆಂದು ಎಲ್ಲ ಪಾಠಗಳೂ ಹೇಳುತ್ತವೆ. ಡಿಜಿಟಲ್ ಕ್ಯಾಮೆರಾದ ಮಟ್ಟಿಗೆ ಅದು ಅರ್ಧ ಸತ್ಯ. ಐಎಸ್‌ಒ ಏರಿಸಿದರೆ ಹೊಸ ಬೆಳಕೇನೂ ಒಳಗೆ ಬರುವುದಿಲ್ಲ, ಬಂದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ, ಜೊತೆಗೆ ಕಾಳುಕಾಳಾದ ಗದ್ದಲವನ್ನೂ ಎದ್ದು ಕಾಣಿಸುತ್ತದೆ. ಬೆಳಕಿನ ಮೊತ್ತ ಒಂದೇ ಆಗುವಂಥ ಹತ್ತು ಜೋಡಣೆಗಳಿರಬಹುದು. ಆದರೆ ಅಗಲ ಕಿಂಡಿಯಲ್ಲಿ ಹಿನ್ನೆಲೆ ಕರಗುತ್ತದೆ, ಕಿರಿದರಲ್ಲಿ ಬದುವಿನಿಂದ ದಿಗಂತದವರೆಗೆ ನಿಚ್ಚಳ. 1/2000 ಸೆಕೆಂಡಿನಲ್ಲಿ ಹಾರುವ ರೆಕ್ಕೆ ನಿಲ್ಲುತ್ತದೆ, 1/30ರಲ್ಲಿ ಗೀರಾಗುತ್ತದೆ. ಆಯ್ಕೆ ಮಾಡಬೇಕಾದವರು ಯಾರು?

ಮೀಟರನ್ನು ಕೇಳದೆಯೂ ಬೆಳಕು ಅಳೆಯಬಹುದೆಂಬುದಕ್ಕೆ ಫಿಲ್ಮ್ ಕಾಲದ ಒಂದು ಸೂತ್ರವೇ ಸಾಕ್ಷಿ. ಸೂರ್ಯ ನಿಚ್ಚಳವಾಗಿ ಮೇಲಿದ್ದಾಗ ಎಫ್ 16 ಇಟ್ಟು, ಐಎಸ್‌ಒ ಎಷ್ಟಿದೆಯೋ ಸೆಕೆಂಡಿನ ಅಷ್ಟನೆಯ ಒಂದು ಭಾಗ ಶಟರ್ ತೆರೆದರೆ ಚಿತ್ರ ಸರಿಯಾಗಿ ಬರುತ್ತದೆ. ಫಿಲ್ಮ್ ಡಬ್ಬಿಯೊಳಗಿನ ಚೀಟಿಯಲ್ಲಿ ಅಚ್ಚಾಗಿ ಬರುತ್ತಿದ್ದುದೂ ಈ ಬಗೆಯ ಪಟ್ಟಿಯೇ. ಈ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಸ್ತುವಿನ ಮೇಲೆ ಬೀಳುವ ಬೆಳಕನ್ನು. ವಸ್ತು ಕಪ್ಪೋ ಬಿಳುಪೋ ಎಂಬುದು ಅದಕ್ಕೆ ಬೇಕಿಲ್ಲ. ನಮ್ಮ ಬೆಳ್ಳಕ್ಕಿಗೆ ಅನ್ವಯಿಸೋಣ: ಐಎಸ್‌ಒ 200, ಎಫ್ 16, 1/200. ಅದನ್ನೇ ಎಫ್ 8ಕ್ಕೆ ತಂದರೆ 1/800. ಬಿಸಿಲಿನ ಅಚ್ಚ ಬಿಳುಪಿನಲ್ಲಿ ಗರಿ ಉಳಿಸಿಕೊಳ್ಳಲು ಇನ್ನೊಂದು ಸ್ಟಾಪ್ ತಗ್ಗಿಸಿ 1/1600 ಮಾಡಿ. ಕ್ಯಾಮೆರಾವನ್ನು ಮ್ಯಾನ್ಯುಯಲ್‌ನಲ್ಲಿ ಅಲ್ಲಿಗೇ ಬಿಟ್ಟರೆ ಹಕ್ಕಿ ದೂರವಿರಲಿ, ಹತ್ತಿರವಿರಲಿ, ಆಕಾಶಕ್ಕೇ ಹಾರಲಿ, ಅದರ ಬಿಳುಪು ಬದಲಾಗದು. ಸೂತ್ರ ನೆನಪಿಲ್ಲದವರಿಗೆ ಸ್ವಂತ ಅಂಗೈ ಇದೆ. ಹಕ್ಕಿಯ ಮೇಲೆ ಬೀಳುವ ಬಿಸಿಲೇ ಅಂಗೈ ಮೇಲೂ ಬೀಳುವಂತೆ ಹಿಡಿದು, ಚೌಕಟ್ಟು ತುಂಬುವಂತೆ ಅಳೆದು, ಒಂದು ಸ್ಟಾಪ್ ಹೆಚ್ಚಿಸಿದರೆ ಸಾಮಾನ್ಯ ವಸ್ತುಗಳಿಗೆ ಬೇಕಾದ ಎಕ್ಸ್‌ಪೋಷರ್ ಸಿಗುತ್ತದೆ. ಅಲ್ಲಿಂದ ಬೆಳ್ಳಕ್ಕಿಗಾಗಿ ಮತ್ತೆ ಒಂದು ಸ್ಟಾಪ್ ತಗ್ಗಿಸಬೇಕು. ಮೈಬಣ್ಣ ಎಷ್ಟು ಬೇರೆಯಾದರೂ ಅಂಗೈಗಳ ನಡುವೆ ಅಂಥ ದೊಡ್ಡ ಅಂತರ ಇರುವುದಿಲ್ಲ.

ಇಲ್ಲಿಯವರೆಗೆ ‘ಸರಿಯಾದ’ ಎಕ್ಸ್‌ಪೋಷರ್ ಒಂದಿದೆ ಎಂಬಂತೆ ಮಾತು ಸಾಗಿತು. ಹರಿಹರದ ದೇಗುಲದೊಳಗೆ ಹೊಕ್ಕರೆ ಆ ಧೈರ್ಯ ಉಡುಗುತ್ತದೆ. ಹೊಯ್ಸಳರ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮಹಾಮಂಟಪಕ್ಕೆ ಸುತ್ತ ಪೂರ್ಣ ಗೋಡೆಯಿಲ್ಲ. ಕಕ್ಷಾಸನದ ಮೇಲಿನ ತೆರವಿನಿಂದ ಬೆಳಕು ಅಡ್ಡಲಾಗಿ ನುಗ್ಗಿ ಕಡೆದ ಕಂಬಗಳ ಬಳೆಗಳ ಮೇಲೆ ಜಾರುತ್ತದೆ. ಅಂಗಳದಲ್ಲಿ ಕಣ್ಣು ಕೋರೈಸುವ ಬಿಸಿಲು, ಒಳಗೆ ಒಂದೊಂದು ಅಂಕಣ ದಾಟಿದಂತೆ ಗಾಢವಾಗುವ ನೆರಳು. ಹೊರಗೂ ಒಳಗೂ ಎಂಟು ಸ್ಟಾಪಿನ ಅಂತರವಿದ್ದರೆ ಅದು 256 ಪಟ್ಟು. ಅಂಗಳ ಉಳಿಯಬೇಕೆಂದರೆ ಕಂಬಗಳು ಕಪ್ಪು ರೇಖೆಗಳಾಗುತ್ತವೆ, ಗರ್ಭಗುಡಿಯತ್ತಣ ಕೆತ್ತನೆ ಬೇಕೆಂದರೆ ಅಂಗಳ ಬೆಳ್ಳಗೆ ಉರಿಯುತ್ತದೆ. ನಡುವಿನ ಕಂಬವೊಂದರ ಹೊಳಪಿಗೆ ಅಳೆದು, ಎರಡೂ ತುದಿಗಳನ್ನು ಬಿಟ್ಟುಕೊಟ್ಟರೆ ಮೂರನೆಯದೇ ಚಿತ್ರ. ಮೂರೂ ಸರಿ. ಮೂರರಲ್ಲಿ ಯಾವುದೆಂದು ಹೇಳಲು ಶೇ 18ರ ಕಾರ್ಡಿನಿಂದ ಆಗುವುದಿಲ್ಲ.

ಈ ಆಯ್ಕೆ ಎಷ್ಟು ದೂರ ಹೋಗಬಲ್ಲದೆಂದು ತೋರಿಸಿದವರು ಕನ್ನಡ ನಾಡಿನವರೇ, ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ ಮುಂಬೈಗೆ ಹೋದವರು, ಗುರುದತ್ ಚಿತ್ರಗಳ ಕಣ್ಣಾದರು. ಗೋವಿಂದ ನಿಹಲಾನಿ ಕೂಡ ಅದೇ ಕೋರ್ಸಿನಿಂದ ಬಂದವರು. ಈ ವಿದ್ಯೆಯನ್ನು ತರಗತಿಯಲ್ಲಿ ಕೂರಿಸಿ ಕಲಿಸಬಹುದೇ ಎಂದು ಕೇಳುವವರಿಗೆ ಈ ಎರಡು ಹೆಸರು ಸಾಕು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹಾಡೊಂದರಲ್ಲಿ ಕತ್ತಲ ಸ್ಟುಡಿಯೊವನ್ನು ಸೀಳಿ ಬರುವ ಬೆಳಕಿನ ಕೋಲಿಗೆ ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದ್ದರು. ಆ ದೃಶ್ಯವನ್ನು ಎಕ್ಸ್‌ಪೋಷರಿನ ಪಾಠವಾಗಿ ನೋಡಬೇಕು. ಕೋಲು ಉಜ್ವಲವಾಗಿದ್ದೂ ಅದರಾಚೆಯದೆಲ್ಲ ಕಪ್ಪಾಗಿರುವುದು ಆಕಸ್ಮಿಕವಲ್ಲ. ಕಪ್ಪಾಗಲಿ ಎಂದು ಒಬ್ಬರು ತೀರ್ಮಾನಿಸಿದ್ದರಿಂದ ಅದು ಕಪ್ಪು. ಸರಾಸರಿ ಹುಡುಕುವ ಮೀಟರು ಅಲ್ಲಿದ್ದಿದ್ದರೆ ಇಡೀ ಸ್ಟುಡಿಯೊ ಬೂದಾಗಿ, ಮೂಲೆಯ ಸರಂಜಾಮೆಲ್ಲ ಕಾಣುತ್ತಿತ್ತು. ಫಿಲ್ಮ್ ಲ್ಯಾಬಿನಿಂದ ತೊಳೆದು ಬರುವವರೆಗೆ ಫಲಿತಾಂಶ ನೋಡುವ ಹಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರಾದರು.

ಇಷ್ಟು ಕಲಾತ್ಮಕವಲ್ಲದ ಕಡೆಯೂ ತೀರ್ಮಾನ ತಪ್ಪಿದ್ದಲ್ಲ. ಕಲ್ಯಾಣ ಮಂಟಪದ ವೇದಿಕೆಯನ್ನೇ ನೋಡಿ. ‘ಹುಡುಗಿ ಬೆಳ್ಳಗೆ ಬರಬೇಕು’ ಎಂಬ ಮನೆಯವರ ಒತ್ತಾಯಕ್ಕೆ ಸ್ಟುಡಿಯೊದವರು ಒಂದೂವರೆ ಸ್ಟಾಪ್ ಏರಿಸುತ್ತಾರೆ. ಮುಖದ ನುಣುಪು, ಮೂಗಿನ ನೆರಳು, ಧಾರೆ ಸೀರೆಯ ಜರಿ, ಮೂರೂ ಒಟ್ಟಿಗೆ ಅಳಿಸಿಹೋಗುತ್ತವೆ. ನನ್ನ ಮಟ್ಟಿಗೆ ಇದು ಮದುವಣಗಿತ್ತಿಗೆ ಮಾಡುವ ಅವಮಾನ, ಕಸುಬಿಗೂ. ಇಂಥ ಪೂರ್ವಗ್ರಹ ನಮ್ಮೊಬ್ಬರದೇ ಅಲ್ಲ: ಬಣ್ಣದ ಪ್ರಿಂಟು ಹದಗೊಳಿಸಲೆಂದು ಕೊಡಾಕ್ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯ ಮುಖ, ಅದಕ್ಕೆ ಒಗ್ಗಿದ್ದೇ ಸರಿ, ಉಳಿದವರ ಮೈಬಣ್ಣ ಹೇಗೆ ಬಂದರೆ ಹಾಗೆ. ಗೋಧಿ ಬಣ್ಣವೋ ಎಣ್ಣೆಗೆಂಪೋ, ಅದನ್ನು ಇದ್ದಲ್ಲೇ ಇಡುವುದು ಫ್ಲ್ಯಾಷ್ ಹಾಕಿದಾಗಲೂ ಸಾಧ್ಯ. ಫ್ಲ್ಯಾಷಿನ ಬೆಳಕನ್ನು ಶಟರ್ ಸ್ಪೀಡ್ ತಡೆಯದು, ಅಪರ್ಚರ್ ತಡೆಯುತ್ತದೆ. ಆದ್ದರಿಂದ ಮುಖಕ್ಕೆ ಅಪರ್ಚರ್ ಗಟ್ಟಿಮಾಡಿಕೊಂಡು ಶಟರನ್ನು 1/200ರಿಂದ 1/60ಕ್ಕೆ ಇಳಿಸಿದರೆ, ಕತ್ತಲಲ್ಲಿ ಮುಳುಗಿದ್ದ ಹಿಂದಿನ ಹೂವಿನ ಅಲಂಕಾರವೂ ದೀಪಗಳೂ ಮೇಲೆ ಬರುತ್ತವೆ, ಮುಖ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಇದೆಲ್ಲ ಈಗ ಯಾರಿಗೆ ಬೇಕು, ಮೊಬೈಲು ತಾನೇ ನೋಡಿಕೊಳ್ಳುತ್ತದಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಒಂದು ಗುಂಡಿ ಒತ್ತಿದರೆ ಹಲವು ಚಿತ್ರ ತೆಗೆದು, ಒಂದರ ಅಂಗಳ ಇನ್ನೊಂದರ ಕಂಬ ಜೋಡಿಸಿ ಕೊಡುವ ಫೋನು, ಹರಿಹರೇಶ್ವರನ ಮಂಟಪದಲ್ಲಿ ಅರೆಕಲಿತ ಕ್ಯಾಮೆರಾದವನನ್ನು ಸೋಲಿಸುತ್ತದೆ. ಪ್ರವಾಸದ ನೆನಪಿಗೆ, ಅಂಗಡಿಯ ರಸೀದಿಗೆ ಅಷ್ಟು ಸಾಕು. ಆದರೆ ಆ ಜೋಡಣೆಯ ಗುರಿ ಎಲ್ಲವೂ ಕಾಣಬೇಕೆಂಬುದು. ನೆರಳನ್ನು ಎತ್ತಿ, ಬಿಸಿಲನ್ನು ತಗ್ಗಿಸಿ, ಮುಂಜಾವು ನಡುಹಗಲುಗಳ ವ್ಯತ್ಯಾಸವನ್ನೇ ತೆಳ್ಳಗೆ ಮಾಡುತ್ತದೆ. ಆ ಮಂಟಪದ ಕತ್ತಲು ಕಟ್ಟಡದ ದೋಷವಲ್ಲ, ತಿದ್ದಲು. ಇನ್ನೊಂದು ಆಕ್ಷೇಪ, ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ಆಮೇಲೆ ಎಲ್ಲ ಸರಿಮಾಡಬಹುದೆಂಬುದು. ಅದು ಅರ್ಧಕ್ಕೆ ನಿಲ್ಲುತ್ತದೆ. ಕತ್ತಲಾದ ಭಾಗದಿಂದ ಎರಡು ಮೂರು ಸ್ಟಾಪ್ ಎತ್ತಬಹುದು, ಗದ್ದಲ ಸಹಿಸಿಕೊಂಡರೆ. ಸೆನ್ಸರ್ ತುಂಬಿಹೋದ ಕಡೆ ಎತ್ತಲು ಏನೂ ಉಳಿದಿರುವುದಿಲ್ಲ. ಸುಟ್ಟ ಬೆಳ್ಳಕ್ಕಿಯನ್ನು ಎಷ್ಟು ತಗ್ಗಿಸಿದರೂ ಬೂದು ಮಚ್ಚೆ ಬರುತ್ತದೆ, ಗರಿ ಬರುವುದಿಲ್ಲ. ಗೀರಾದ ರೆಕ್ಕೆಯನ್ನಾಗಲಿ ಕರಗಿದ ಹಿನ್ನೆಲೆಯನ್ನಾಗಲಿ ರಾ ಫೈಲು ಹಿಂದಿರುಗಿಸದು.

ಹಾಗೆಂದು ಸದಾ ಮ್ಯಾನ್ಯುಯಲ್‌ನಲ್ಲೇ ತೆಗೆಯಬೇಕೆಂಬ ಕೆಲವರ ಹಟವೂ ಬೇಡ. ಮೀಟರಿನ ಊಹೆ ಎಲ್ಲಿ ತಪ್ಪುತ್ತದೆಂದು ಗೊತ್ತಿದ್ದವರಿಗೆ ಆಟೊಮ್ಯಾಟಿಕ್ ಕೂಡ ಒಳ್ಳೆಯ ಆಳೇ; ಮೀಟರಿನ ಲೆಕ್ಕವನ್ನು ಏರಿಸಿ ಇಳಿಸುವ ಕಾಂಪೆನ್ಸೇಷನ್ ಗುಂಡಿ ಇರುವುದು ಅದಕ್ಕೇ. ತುಂಗಭದ್ರೆಯ ಆಚೆ, ರಾಣೆಬೆನ್ನೂರಿನ ಕೃಷ್ಣಮೃಗಧಾಮ ಇದನ್ನು ಅಭ್ಯಾಸ ಮಾಡಲು ಹೇಳಿಮಾಡಿಸಿದ ಜಾಗ. ಗಂಡಿನ ಬೆನ್ನು ಹೆಚ್ಚುಕಡಿಮೆ ಕಪ್ಪು, ಹೊಟ್ಟೆಯೂ ಕಣ್ಣಿನ ಸುತ್ತಲೂ ಅಚ್ಚ ಬಿಳುಪು. ಬೆನ್ನನ್ನು ನಂಬಿ ಅಳೆದರೆ ಹೊಟ್ಟೆ ಸುಡುತ್ತದೆ, ಹೊಟ್ಟೆಯನ್ನು ನಂಬಿದರೆ ಬೆನ್ನಿನ ರೋಮ ಕಾಣದು. ಪಕ್ಕದ ಒಣಹುಲ್ಲು ಮಾತ್ರ ನಡು ಬೂದಿಗೆ ಸಾಕಷ್ಟು ಹತ್ತಿರ. ಪ್ರಾಣಿಯ ಮೇಲೆ ಬೀಳುವ ಬಿಸಿಲೇ ಹುಲ್ಲಿನ ಮೇಲೂ ಬೀಳುತ್ತಿರುವಾಗ ಅಲ್ಲಿ ಅಳೆದು, ಅರ್ಧ ಸ್ಟಾಪ್ ತಗ್ಗಿಸಿ, ಎಕ್ಸ್‌ಪೋಷರ್ ಲಾಕ್ ಮಾಡಿಕೊಂಡರೆ ಕಪ್ಪಿನಲ್ಲೂ ಬಿಳುಪಿನಲ್ಲೂ ವಿವರ ಉಳಿಯುತ್ತದೆ. ಹಿಂಡು ಓಡಿದರೂ ತಿರುಗಿದರೂ ಅದೇ ಅಂಕಿ ನಡೆಯುತ್ತದೆ. ಸೂರ್ಯನಿಗೆ ಮೋಡ ಅಡ್ಡ ಬಂದಾಗ ಮತ್ತೊಮ್ಮೆ ಹುಲ್ಲಿನ ಮೇಲೆ ಅಳೆದುಕೊಳ್ಳಬೇಕು.