ಸಣ್ಣ ಕೈಗಾರಿಕೆಯ ಲೆಕ್ಕ ಮತ್ತು ಲೋಕಜ್ಞಾನ: ಕಾರವಾರ–ಅಂಕೋಲಾ ಪರಿಸರದಲ್ಲಿ ಇ.ಆರ್.ಪಿ. ತಂತ್ರಾಂಶ

ಯಾವುದೇ ತಯಾರಿಕೆಯ ಹಿಂದೆ ಮೂರು ಮೂಲ ಪ್ರಶ್ನೆಗಳಿರುತ್ತವೆ: ಯಾವುದನ್ನು ಎಷ್ಟು ತಯಾರಿಸಬೇಕು, ಅದಕ್ಕೆ ಏನೇನು ಬೇಕು, ಬೇಕಾದುದರಲ್ಲಿ ಕೈಯಲ್ಲಿರುವುದು ಎಷ್ಟು. ಸಣ್ಣ ಘಟಕಗಳಲ್ಲಿ ಇವುಗಳ ಉತ್ತರವು ಮೇಸ್ತ್ರಿಯ ನೆನಪು, ಗುಮಾಸ್ತನ ಕಿರ್ದಿ ಮತ್ತು ಮಾಲೀಕನ ಅಂದಾಜುಗಳಲ್ಲಿ ಹಂಚಿಹೋಗಿರುತ್ತದೆ. ಖರೀದಿ, ದಾಸ್ತಾನು, ತಯಾರಿಕೆ, ಮಾರಾಟ, ಲೆಕ್ಕಪತ್ರಗಳನ್ನು ಒಂದೇ ದತ್ತಾಂಶ ಸಂಗ್ರಹಕ್ಕೆ ತರುವ ಗಣಕ ವ್ಯವಸ್ಥೆಯೇ ಉದ್ಯಮ ಸಂಪನ್ಮೂಲ ಯೋಜನಾ ತಂತ್ರಾಂಶ, ಅಂದರೆ ಇ.ಆರ್.ಪಿ. ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಇದು ಮೌಖಿಕವಾಗಿದ್ದ ವೃತ್ತಿಜ್ಞಾನವು ದಾಖಲೆಗೆ ಇಳಿಯುವ ಪ್ರಕ್ರಿಯೆಯೂ ಹೌದು.

ದೂರದ ದುಡಿಮೆಯನ್ನು ಲೆಕ್ಕದ ಮೂಲಕ ಹೊಂದಿಸುವುದು ಈ ಕರಾವಳಿಗೆ ಹೊಸದಲ್ಲ. 1638ರಲ್ಲಿ ಕಾರವಾರದಲ್ಲಿ ಆರಂಭವಾದ ಇಂಗ್ಲಿಷರ ವ್ಯಾಪಾರಕೋಠಿಯು ಮೆಣಸನ್ನೂ ಹುಬ್ಬಳ್ಳಿ ಕಡೆಯಿಂದ ಇಳಿದುಬರುತ್ತಿದ್ದ ಬಟ್ಟೆಯನ್ನೂ ಹಡಗಿಗೆ ಏರಿಸುತ್ತಿತ್ತು. ಘಟ್ಟದ ಮೇಲಿನ ಮಗ್ಗ, ಕೋಠಿಯ ದಾಸ್ತಾನು, ಹಡಗು ಹೊರಡುವ ಕಾಲ ಇವು ಒಂದಕ್ಕೊಂದು ಕೂಡಿಬರಬೇಕಿತ್ತು. ಇದೇ ಹೊಂದಾಣಿಕೆಯನ್ನು ಗಣಕಕ್ಕೆ ಒಪ್ಪಿಸುವ ಕ್ರಮವನ್ನು 1964ರಲ್ಲಿ ಅಮೆರಿಕದ ಜೋಸೆಫ್ ಆರ್ಲಿಕಿ ಸಾಮಗ್ರಿ ಅಗತ್ಯ ಯೋಜನೆಯೆಂಬ ಹೆಸರಿನಲ್ಲಿ ರೂಪಿಸಿದರು. ಅದರ ವಿಸ್ತೃತ ರೂಪಕ್ಕೆ 1990ರಲ್ಲಿ ಗಾರ್ಟ್ನರ್ ಸಂಸ್ಥೆ ಇ.ಆರ್.ಪಿ. ಎಂಬ ಹೆಸರಿಟ್ಟಿತು. ಭಾರತದ ಸಣ್ಣ ಉದ್ಯಮಗಳಲ್ಲಿ ಗಣಕದ ಲೆಕ್ಕವನ್ನು ಬಳಕೆಗೆ ತಂದುದರಲ್ಲಿ 1986ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ನೆಲೆಗೊಂಡ ಟ್ಯಾಲಿ ಸಂಸ್ಥೆಯ ಪಾಲು ದೊಡ್ಡದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಗಣಕದ ದಾಖಲೆ ಅನಿವಾರ್ಯವೇ ಆಯಿತು. 2023ರ ಆಗಸ್ಟ್‌ನಿಂದ 5 ಕೋಟಿ ರೂಪಾಯಿಗೂ ಮೀರಿ ವಹಿವಾಟುಳ್ಳ ಉದ್ಯಮಗಳು ಇತರ ವ್ಯಾಪಾರಸ್ಥರಿಗೆ ವಿದ್ಯುನ್ಮಾನ ಸರಕುಪಟ್ಟಿಯನ್ನೇ ನೀಡಬೇಕಾಗಿದೆ.

ಈ ತಂತ್ರಾಂಶದ ಕಾರ್ಯವಿಧಾನವನ್ನು ಅಂಕೋಲಾದ ಈಶಾಡ ಮಾವಿನ ತಿರುಳನ್ನು ಡಬ್ಬಿಯಲ್ಲಿ ತುಂಬುವ ಉದ್ಯಮದ ನೆಲೆಯಲ್ಲಿ ಸ್ಪಷ್ಟಪಡಿಸಿಕೊಳ್ಳಬಹುದು. ಒಂದು ಘಟಕಕ್ಕೆ 1000 ಕಿಲೋ ತಿರುಳಿನ ಬೇಡಿಕೆ ಬಂದಿದೆ ಎಂದು ಭಾವಿಸೋಣ. ಒಂದು ಉತ್ಪನ್ನಕ್ಕೆ ಬೇಕಾಗುವ ಹಣ್ಣು, ಸಕ್ಕರೆ, ಡಬ್ಬಿ ಮೊದಲಾದವುಗಳ ಪ್ರಮಾಣವನ್ನು ಹೇಳುವ ಸಾಮಗ್ರಿ ಪಟ್ಟಿಯು ತಂತ್ರಾಂಶದಲ್ಲಿ ಮೊದಲೇ ದಾಖಲಾಗಿರುತ್ತದೆ. ಹಣ್ಣಿನ ತೂಕದಲ್ಲಿ ಅರ್ಧದಷ್ಟು ತಿರುಳು ಸಿಗುವುದಾದರೆ 2000 ಕಿಲೋ ಹಣ್ಣು ಬೇಕು. ದಾಸ್ತಾನಿನಲ್ಲಿ 300 ಕಿಲೋ ಇದ್ದರೆ 1700 ಕಿಲೋ ಕೊಳ್ಳಬೇಕು. ಡಬ್ಬಿಗಳು ತಲುಪಲು 15 ದಿನ ಬೇಕಾದರೆ ಅವುಗಳ ಬೇಡಿಕೆಪತ್ರ ಅಷ್ಟು ಮೊದಲೇ ಹೊರಡಬೇಕು. ತಂತ್ರಾಂಶವು ಮಾಡುವುದು ಇಷ್ಟೇ: ಗುಣಿಸುತ್ತದೆ, ಕಳೆಯುತ್ತದೆ, ದಿನವನ್ನು ಹಿಂದಕ್ಕೆ ಎಣಿಸುತ್ತದೆ. ತಿರುಳು ಅರ್ಧವೋ ಅದಕ್ಕಿಂತ ಕಡಿಮೆಯೋ ಎಂಬುದನ್ನು ಅದಕ್ಕೆ ಯಾರಾದರೂ ಹೇಳಬೇಕು.

ಇಲ್ಲಿಯೇ ಲೋಕಜ್ಞಾನದ ಮಹತ್ವ ಕಾಣುತ್ತದೆ. ಅಂಕೋಲಾದ ಜನ ಈಶಾಡವನ್ನು ಕರಿ ಮತ್ತು ಬಿಳಿ ಎಂದು ವಿಂಗಡಿಸುತ್ತಾರೆ. ಕರಿ ಈಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು. ಬಿಳಿ ಈಶಾಡದ ಸಿಪ್ಪೆ ದಪ್ಪ, ತಿರುಳು ಕಡಿಮೆ. ಗಣಕದಲ್ಲಿ ‘ಈಶಾಡ’ ಎಂಬ ಒಂದೇ ಸಂಕೇತ ನೀಡಿದರೆ ಈ ಭೇದ ಅಳಿದುಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿಯೇ ತಿರುಳು ಶೇಕಡಾ 40ಕ್ಕೆ ಇಳಿದರೆ 2500 ಕಿಲೋ ಹಣ್ಣು ಬೇಕಾಗುತ್ತದೆ. ತಂತ್ರಾಂಶವು 500 ಕಿಲೋ ಕಡಿಮೆ ಕೊಳ್ಳಲು ಹೇಳಿರುತ್ತದೆ. ಆ ಕೊರತೆ ಕೊನೆಗೆ ಕೆಲಸಗಾರರ ಅಜಾಗರೂಕತೆಯೆಂದೋ ಕಳವೆಂದೋ ದಾಖಲಾಗುವ ಅಪಾಯವಿದೆ. ಮೇಲಾಗಿ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವುದು ಅಂಕೋಲಾದ ಕರಿ ಈಶಾಡಕ್ಕೆ. ಆ ಹೆಸರಿನಿಂದ ಮಾರುವ ಡಬ್ಬಿಯಲ್ಲಿ ಯಾವ ತೋಟದ, ಯಾವ ತಳಿಯ ಹಣ್ಣಿದೆಯೆಂಬುದನ್ನು ತಂಡವಾರು ಸಂಖ್ಯೆಯ ಮೂಲಕ ತೋರಿಸುವುದು ಸಾಧ್ಯವಾಗಬೇಕಾದರೆ ಜನರ ವರ್ಗೀಕರಣವೇ ಗಣಕದ ವರ್ಗೀಕರಣವಾಗಬೇಕು.

ಅಳತೆ ಮತ್ತು ಭಾಷೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಹಣ್ಣನ್ನು ಡಜನ್ ಲೆಕ್ಕದಲ್ಲಿ ಕೊಂಡು, ತೂಕದಲ್ಲಿ ಸಂಸ್ಕರಿಸಿ, ಡಬ್ಬಿಯ ಲೆಕ್ಕದಲ್ಲಿ ಮಾರುವಾಗ ಒಂದು ಅಳತೆಯನ್ನು ಇನ್ನೊಂದಕ್ಕೆ ಪರಿವರ್ತಿಸುವ ಪ್ರಮಾಣವನ್ನು ತೂಗಿ ನೋಡಿಯೇ ನಿಗದಿಪಡಿಸಬೇಕು. ಕಾರವಾರದ ಕೊಂಕಣಿಯಲ್ಲಿ ‘ಆಂಬೊ’ ಎನಿಸುವುದು ಅಂಕೋಲಾದ ಕನ್ನಡದಲ್ಲಿ ಮಾವು. ಸರಕುಪಟ್ಟಿಯಲ್ಲಿ ಅದು ಇಂಗ್ಲಿಷ್ ಹೆಸರಿನಿಂದ ಬರುತ್ತದೆ. ಒಂದೇ ಸಂಕೇತದಡಿ ಈ ಹೆಸರುಗಳೆಲ್ಲ ಸೇರದಿದ್ದರೆ ದಾಸ್ತಾನು ಕೋಣೆಯಲ್ಲಿ ಒಂದೇ ವಸ್ತು ಎರಡು ಸಲ ದಾಖಲಾಗುತ್ತದೆ.

ಕಾಲದ ಆಯ್ಕೆಯೂ ನಿರ್ಣಾಯಕ. ಅಮೆರಿಕದ ಹರ್ಷೀ ಮಿಠಾಯಿ ಕಂಪನಿಯು 1999ರ ಜುಲೈಯಲ್ಲಿ, ಹ್ಯಾಲೋವೀನ್ ಹಬ್ಬದ ಮಾರಾಟಕ್ಕೆ ಮುಂಚೆಯೇ, ಹೊಸ ವ್ಯವಸ್ಥೆಯನ್ನು ಒಮ್ಮೆಗೇ ಜಾರಿಗೊಳಿಸಿತು. ಸರಕು ಗೋದಾಮಿನಲ್ಲಿದ್ದರೂ 10 ಕೋಟಿ ಡಾಲರಿಗೂ ಮಿಕ್ಕಿದ ಬೇಡಿಕೆಯನ್ನು ಪೂರೈಸಲಾಗದೆ ಹೋಯಿತು. ಕೆಲವೇ ವಾರಗಳ ಮಾವಿನ ಸುಗ್ಗಿಯನ್ನು ನಂಬಿದ ಘಟಕಕ್ಕೆ ಅಂತಹ ಒಂದು ತಪ್ಪು ಇಡೀ ವರ್ಷದ ನಷ್ಟ. ಆದುದರಿಂದ ಮಳೆಗಾಲದ ಬಿಡುವಿನಲ್ಲಿ ದಾಖಲೆ ಸಿದ್ಧಪಡಿಸಿ, ಮುಂದಿನ ಸುಗ್ಗಿಯಲ್ಲಿ ಹಳೆಯ ಕಿರ್ದಿಯನ್ನೂ ಜೊತೆಯಲ್ಲಿಯೇ ನಡೆಸುವುದು ವಿವೇಕದ ಮಾರ್ಗ.

ಮುಂಬಯಿಯ ಫ್ರ್ಯಾಪೆ ಸಂಸ್ಥೆಯ ಇ.ಆರ್.ಪಿ.ನೆಕ್ಸ್ಟ್‌ನಂತಹ ಮುಕ್ತ ತಂತ್ರಾಂಶಗಳು ಪರವಾನಗಿ ಶುಲ್ಕದ ಹೊರೆಯನ್ನು ತಗ್ಗಿಸಿವೆ. ಆದರೆ ತಳಿ, ಅಳತೆ, ನಷ್ಟ, ಹದಗಳ ತಿಳಿವಳಿಕೆಯನ್ನು ಯಾವ ತಂತ್ರಾಂಶವೂ ತನ್ನೊಂದಿಗೆ ತರುವುದಿಲ್ಲ. ಹಣ್ಣು ಆಯುವ ಹೆಂಗಸರನ್ನೂ ತಿರುಳಿನ ಹದ ಬಲ್ಲ ಹಿರಿಯರನ್ನೂ ಕೇಳಿ ಬರೆದುಕೊಳ್ಳುವ ಕ್ಷೇತ್ರಕಾರ್ಯವು ಗಣಕೀಕರಣದ ಮೊದಲ ಹಂತವಾಗಬೇಕು. ಹಾಗೆ ಸಂಗ್ರಹಿಸಿದ ದಾಖಲೆಯು ಘಟಕಕ್ಕೆ ಸರಿಯಾದ ಯೋಜನೆಯನ್ನೂ, ಕರಾವಳಿಯ ವೃತ್ತಿಜ್ಞಾನದ ಅಧ್ಯಯನಕ್ಕೆ ಆಧಾರಸಾಮಗ್ರಿಯನ್ನೂ ಒದಗಿಸಬಲ್ಲದು.