ತೂಕ ಇಳಿಸುವ ಔಷಧಗಳು: ಕಾಲವೇ ಪರೀಕ್ಷಕ

ಬೊಜ್ಜಿನ ಔಷಧಗಳ ಚರಿತ್ರೆಯಲ್ಲಿ ಮಾರುಕಟ್ಟೆಗೆ ಬಂದವುಗಳಷ್ಟೇ ಅಲ್ಲಿಂದ ಮರಳಿದವುಗಳಿಗೂ ಮಹತ್ವವಿದೆ. ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು ತಿಳಿದಾಗ ಫೆನ್‌ಫ್ಲುರಮಿನ್ 1997ರಲ್ಲಿ ಅಮೆರಿಕದಿಂದ ಮಾಯವಾಯಿತು. ಹೃದಯಾಘಾತ, ಪಾರ್ಶ್ವವಾಯುಗಳ ಭಯ ಹುಟ್ಟಿಸಿದ ಸಿಬುಟ್ರಮಿನ್ 2010ರಲ್ಲಿ ಅಲ್ಲಿಯೂ, ಮರುವರ್ಷ ಭಾರತದಲ್ಲಿಯೂ ನಿಂತುಹೋಯಿತು. ಲೋರ್ಕಾಸೆರಿನ್ ಮಾತ್ರೆಯ ಪಾಡು ಇನ್ನೂ ವಿಚಿತ್ರವಾದದ್ದು. 2012ರಲ್ಲಿ ಅನುಮತಿ ಪಡೆದ ಈ ಮಾತ್ರೆ ಹೃದಯಕ್ಕೆ ಸುರಕ್ಷಿತವೇ ಎಂದು ತಿಳಿಯಲು ಸುಮಾರು 12,000 ಜನರ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆದು, ಹೃದಯದ ಮಟ್ಟಿಗೆ ಅದು ತೇರ್ಗಡೆಯೂ ಆಯಿತು. ಆದರೆ ಅದೇ ಅಂಕಿಅಂಶಗಳಲ್ಲಿ ಮಾತ್ರೆ ನುಂಗಿದವರ ಪೈಕಿ ಶೇ 7.7ರಷ್ಟು, ಔಷಧವಿಲ್ಲದ ಹುಸಿಮಾತ್ರೆ ಪಡೆದವರ ಪೈಕಿ ಶೇ 7.1ರಷ್ಟು ಮಂದಿಗೆ ಕ್ಯಾನ್ಸರ್ ಕಂಡುಬಂದಿದ್ದರಿಂದ 2020ರಲ್ಲಿ ಅದನ್ನು ಹಿಂಪಡೆಯಲಾಯಿತು. ಇಷ್ಟು ಸಣ್ಣ ಅಂತರ ಕೆಲವು ತಿಂಗಳ ಪ್ರಯೋಗದ ಕಣ್ಣಿಗೆ ಬೀಳುವಂಥದ್ದಲ್ಲ.

ಇಂದು ಹೆಸರು ಮಾಡಿರುವ ಸೆಮಾಗ್ಲುಟೈಡ್ ಬೇರೆ ಜಾತಿಯದು. ಊಟದ ನಂತರ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನು ಮಿದುಳಿಗೆ ಹೊಟ್ಟೆ ತುಂಬಿದ ಸೂಚನೆ ಕೊಟ್ಟು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನು ಅನುಕರಿಸುವ ಈ ಔಷಧ ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ವಾರಕ್ಕೊಂದು ಚುಚ್ಚುಮದ್ದು ಸಾಕು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ತೂಕ ಇಳಿದಿತ್ತು. ಅದಕ್ಕಿಂತ ತೂಕದ ಸಾಕ್ಷ್ಯ 2023ರ ಸೆಲೆಕ್ಟ್ ಅಧ್ಯಯನದ್ದು: ಹೃದ್ರೋಗವಿದ್ದು ಮಧುಮೇಹವಿಲ್ಲದ 17,604 ಜನರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವುಗಳ ಒಟ್ಟು ಸಂಭವ ಶೇ 20ರಷ್ಟು ತಗ್ಗಿತು. ಫೆನ್‌ಫ್ಲುರಮಿನ್, ಸಿಬುಟ್ರಮಿನ್ ಎಡವಿದ್ದೇ ಹೃದಯದಲ್ಲಿ ಎಂಬುದನ್ನು ನೆನೆದರೆ ಇದು ಸಾಮಾನ್ಯ ಸಂಗತಿಯಲ್ಲ.

ಹಾಗೆಂದು ಇದು ನಿರಪಾಯವಲ್ಲ. ಸೆಲೆಕ್ಟ್‌ನಲ್ಲಿ ಅಡ್ಡಪರಿಣಾಮಗಳಿಂದಾಗಿ ಚುಚ್ಚುಮದ್ದು ಬಿಟ್ಟವರು ಶೇ 16.6, ಅವರಲ್ಲಿ ಹೆಚ್ಚಿನವರನ್ನು ಕಾಡಿದ್ದು ವಾಕರಿಕೆ, ವಾಂತಿ, ಭೇದಿಯಂಥ ಹೊಟ್ಟೆಯ ತೊಂದರೆಗಳು. ಪಿತ್ತಕೋಶದ ಕಲ್ಲುಗಳ ಸಂಭವವುಂಟು. ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಇಲಿಗಳಲ್ಲಿ ಥೈರಾಯ್ಡ್ ಗಡ್ಡೆಗಳು ಕಂಡಿದ್ದರಿಂದ, ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗಾಗಲಿ ಕುಟುಂಬದವರಿಗಾಗಲಿ ಬಂದಿರುವವರಿಗೆ ಇದನ್ನು ಕೊಡುವುದಿಲ್ಲ.

ನಿಜವಾದ ತೊಡಕು ಇರುವುದು ನಿಲ್ಲಿಸಿದಾಗ. ಮೊದಲ ಅಧ್ಯಯನದಲ್ಲಿ ಭಾಗವಹಿಸಿ ಔಷಧ ಬಿಟ್ಟವರು ಒಂದೇ ವರ್ಷದಲ್ಲಿ, ಕಳೆದುಕೊಂಡ ತೂಕದ ಸುಮಾರು ಮೂರನೆಯ ಎರಡು ಭಾಗವನ್ನು ಮರಳಿ ಪಡೆದರು. ಆದ್ದರಿಂದ ವೈದ್ಯಲೋಕ ಬೊಜ್ಜನ್ನು ರಕ್ತದೊತ್ತಡದಂತೆ ದೀರ್ಘಕಾಲಿಕ ಕಾಯಿಲೆಯೆಂದು ಪರಿಗಣಿಸುತ್ತಿದೆ; 2025ರಿಂದ ಭಾರತದ ಔಷಧದಂಗಡಿಗಳಲ್ಲಿ ವೆಗೋವಿ, ಮೌಂಜಾರೊ ಹೆಸರಿನಲ್ಲಿ ಇಂಥ ಔಷಧಗಳನ್ನು ಕೊಳ್ಳುವವರು, ಮದುವೆಗೆ ಮುಂಚೆ ನಾಲ್ಕು ತಿಂಗಳು ತೆಗೆದುಕೊಂಡು ಬಿಡಬಹುದೆಂದು ಎಣಿಸಿದ್ದರೆ, ಆ ಲೆಕ್ಕವನ್ನು ಚೀಟಿ ಬರೆಯುವ ವೈದ್ಯರೇ ಮೊದಲ ಭೇಟಿಯಲ್ಲಿ ತಿದ್ದಬೇಕಾಗುತ್ತದೆ.