ಗಣಕವನ್ನೇ ಕೇಳಿ ನೋಡಿ

ಯಾರೋ ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಳ್ಳಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. "8 ಜಿಬಿ ರ‍್ಯಾಮ್, 500 ಜಿಬಿ ಡಿಸ್ಕ್, ಹೆಚ್ಚು ಬಳಸಿಯೇ ಇಲ್ಲ" ಎನ್ನುತ್ತಾರೆ ಮಾರುವವರು. ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಹಣ ಎಣಿಸುವ ಮುನ್ನ ಯಂತ್ರವನ್ನೇ ವಿಚಾರಿಸುವುದು ಮೇಲು. ಅದಕ್ಕೆ ತಿರುಪು ಬಿಚ್ಚಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು ಒಂದೆರಡು ಆಜ್ಞೆ ಟೈಪ್ ಮಾಡಿದರಾಯಿತು. ಅದರಲ್ಲಿ ವಿಂಡೋಸ್ ಇದ್ದರೂ, ನೀವು ಪೆನ್‌ಡ್ರೈವ್‌ನಲ್ಲಿ ಒಯ್ದ ಲಿನಕ್ಸ್‌ನಿಂದಲೇ ಅದನ್ನು ಚಾಲೂ ಮಾಡಬಹುದು. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದೆ. ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಒತ್ತಬೇಕು.

ಮೊದಲು 'ಎಲ್ ಎಸ್ ಸಿ ಪಿ ಯು'. ಪ್ರೊಸೆಸರ್‌ನ ಹೆಸರು, ವೇಗ ಎಲ್ಲವೂ ತೆರೆಯ ಮೇಲೆ ಮೂಡುತ್ತವೆ. ಸಿಪಿಯು ಎಂಬಲ್ಲಿ 8 ಎಂದು ಕಂಡ ಕೂಡಲೇ ಹಿಗ್ಗಬೇಡಿ. ಕೆಳಗೆ ಕೋರ್ ಒಂದಕ್ಕೆ ಎರಡು ಥ್ರೆಡ್ ಎಂದಿದ್ದರೆ, ಒಳಗಿರುವುದು ನಾಲ್ಕೇ ಕೋರ್.

'ಫ್ರೀ' ಎಂದು ಒತ್ತಿ, ಒಂದು ಜಾಗ ಬಿಟ್ಟು, ಅಡ್ಡಗೆರೆಯೊಡನೆ 'ಎಚ್' ಸೇರಿಸಿದರೆ ರ‍್ಯಾಮ್ ಲೆಕ್ಕ ಸಿಗುತ್ತದೆ. 8ರ ಬದಲು 7.6 ಎಂದಿದ್ದರೆ ಮೋಸವೇನಲ್ಲ. ಚಿತ್ರ ಮೂಡಿಸುವ ಭಾಗ ಮತ್ತು ಕರ್ನೆಲ್ ತಮ್ಮ ಪಾಲನ್ನು ಮೊದಲೇ ತೆಗೆದಿಟ್ಟಿರುತ್ತವೆ. 3.7 ಎಂದು ಬಂದರೆ ಮಾತ್ರ ಮಾರುವವರನ್ನು ಕೇಳಲೇಬೇಕು.

'ಎಲ್ ಎಸ್ ಬಿ ಎಲ್ ಕೆ' ಡಿಸ್ಕ್‌ಗಳನ್ನು ತೋರಿಸುತ್ತದೆ. 500 ಜಿಬಿ ಡಿಸ್ಕ್ ಇಲ್ಲಿ 465.8 ಆಗುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ತಯಾರಕರ ಜಿಬಿ ಎಂದರೆ 100 ಕೋಟಿ ಬೈಟ್. ಈ ಆಜ್ಞೆಯ ಜಿಬಿ ಎಂದರೆ 2ರ 30ನೇ ಘಾತ, ಅಂದರೆ 107,37,41,824 ಬೈಟ್. ಅಳತೆಗೋಲು ಬೇರೆ, ಅಷ್ಟೆ.

ಇನ್ನು "ಹೆಚ್ಚು ಬಳಸಿಲ್ಲ" ಎಂಬ ಮಾತು. ಇದಕ್ಕೆ 'ಸ್ಮಾರ್ಟ್ ಸಿ ಟಿ ಎಲ್' ಎಂಬ ಆಜ್ಞೆಯುಂಟು. ಡಿಸ್ಕ್ ಒಟ್ಟು ಎಷ್ಟು ಗಂಟೆ ಚಾಲೂ ಇತ್ತು ಎಂಬುದನ್ನು ಅದು ಹೊರಗೆಡಹುತ್ತದೆ. 20,000 ಗಂಟೆ ಎಂದರೆ ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಏಳು ವರ್ಷದ ದುಡಿಮೆ!

ಆದರೆ ಒಂದು ಮಾತು ಗಮನಿಸಿ. ಆಜ್ಞೆ ಏನನ್ನೂ ಅಳೆಯುವುದಿಲ್ಲ. ಬಿಡಿಭಾಗ ತನ್ನ ಬಗ್ಗೆ ಹೇಳಿಕೊಂಡದ್ದನ್ನು ನಮಗೆ ಒಪ್ಪಿಸುತ್ತದೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಬಳಸಿದ ಡಿಸ್ಕ್‌ಗಳ ಗಂಟೆಯ ಲೆಕ್ಕವನ್ನು ಸೊನ್ನೆಗೆ ತಿದ್ದಿ ಹೊಸದೆಂದು ಮಾರಿದ್ದು ಬೆಳಕಿಗೆ ಬಂತು. ತಿದ್ದಿದವರು ಮುಟ್ಟದೆ ಬಿಟ್ಟ ಇನ್ನೊಂದು ದಾಖಲೆ ಅದೇ ಡಿಸ್ಕ್‌ನಲ್ಲಿತ್ತು. ಗುಟ್ಟು ರಟ್ಟಾದದ್ದು ಅದರಿಂದ.

ಅಗ್ಗದ ನಕಲಿ ಪೆನ್‌ಡ್ರೈವ್‌ಗಳದೂ ಇದೇ ಕಥೆ. ಒಳಗೆ 16 ಜಿಬಿ ಇಟ್ಟುಕೊಂಡು 1 ಟಿಬಿ ಎನ್ನುತ್ತವೆ, ಆಜ್ಞೆಯೂ ನಂಬಿಬಿಡುತ್ತದೆ. ಅಲ್ಲಿ ಪೂರ್ತಿ ತುಂಬಿಸಿ, ಬರೆದದ್ದನ್ನು ಮರಳಿ ಓದಿ ತಾಳೆ ನೋಡಬೇಕು. 'ಎಫ್ 3' ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನೇ ಮಾಡುತ್ತದೆ. ಗಂಟೆಗಟ್ಟಲೆ ಹಿಡಿದೀತು, ಆದರೂ ನಿಮ್ಮ ಪ್ರಾಜೆಕ್ಟ್ ಕಡತಗಳನ್ನು ಅದರೊಳಗೆ ಹಾಕುವ ಮುನ್ನವೇ ಮಾಡಿ ಮುಗಿಸಿ.